ಜಗಲಿಯ ಮೇಲಿನ ಕಾರ್ಖಾನೆ

ಕಾಪುವಿನ ಕಡಲತೀರದಿಂದ ಕಾರ್ಕಳದ ಗೊಮ್ಮಟನ ಬೆಟ್ಟದ ತಪ್ಪಲಿನವರೆಗೆ, ಮಧ್ಯಾಹ್ನದ ಊಟ ಮುಗಿದ ಹೊತ್ತಿನಲ್ಲಿ ಹಳ್ಳಿಯ ದಾರಿ ಹಿಡಿದವರಿಗೆ ಒಂದು ನೋಟ ಹೊಸದಲ್ಲ. ಜಗಲಿಯ ಮೇಲೆ ಕಾಲು ಚಾಚಿ ಕುಳಿತ ಹೆಂಗಸು; ಮಡಿಲಲ್ಲಿ ಗೆರಸೆ; ಅದರೊಳಗೆ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಬೆರಳುಗಳು ಎಲೆಯನ್ನು ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುತ್ತಿರುತ್ತವೆ. ಕಣ್ಣು ಮಾತ್ರ ಅಂಗಳದ ಮಗುವಿನ ಮೇಲೆ. ಕಟ್ಟಿದ ಬೀಡಿ ಬ್ರಾಂಚಿಗೆ ಹೋಗುತ್ತದೆ. ಕೂಲಿ ಸಾವಿರಕ್ಕಿಷ್ಟು ಎಂದು.

ಈಕೆ ಯಾರ ನೌಕರಳು? ಮಣಿಪಾಲದ ಕಚೇರಿಯಲ್ಲಿ ಗಡಿಯಾರ ನೋಡಿ ಮೇಲೇಳುವವನಿಗೆ ತನ್ನ ಒಡೆಯನಾರೆಂಬ ಸಂಶಯವಿಲ್ಲ. ಆದರೆ ಗುತ್ತಿಗೆದಾರನಿಂದ ಎಲೆ ಪಡೆದು, ಅಡಿಗೆಯ ನಡುವೆ ಬಿಡುವು ಮಾಡಿಕೊಂಡು ದುಡಿಯುವವಳನ್ನು 'ನಮ್ಮವಳಲ್ಲ' ಎಂದುಬಿಡುವುದು ಧಣಿಗಳಿಗೆ ಬಹುಕಾಲ ಸುಲಭವಾಗಿತ್ತು. 1966ರ ಬೀಡಿ ಮತ್ತು ಚುಟ್ಟಾ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಬೀಡಿ ಕಟ್ಟುವವಳನ್ನೂ ನೌಕರಳೆಂದೇ ಕರೆಯಿತು. ದುಡಿದ ಇಪ್ಪತ್ತು ದಿನಕ್ಕೆ ಒಂದು ದಿನದ ಸಂಬಳಸಹಿತ ರಜೆ. ಆರು ತಿಂಗಳು ದುಡಿದವಳನ್ನು ಬಿಡಿಸಬೇಕಾದರೆ ಸಕಾರಣವೂ ಬೇಕು, ಒಂದು ತಿಂಗಳ ನೋಟೀಸು ಇಲ್ಲವೆ ಅಷ್ಟರ ಕೂಲಿಯೂ ಬೇಕು. ಉದ್ಯಮಿಗಳು ಸುಮ್ಮನಿರಲಿಲ್ಲ. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊದಲಾದವರು ಹೂಡಿದ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1974ರಲ್ಲಿ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. 1985ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ, ಮನೆಯಲ್ಲಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದು ತೀರ್ಪಾಯಿತು. ಜಗಲಿಯೂ ಕಾರ್ಖಾನೆಯ ಒಂದು ಮೂಲೆಯೆಂದು ದೊಡ್ಡ ನ್ಯಾಯಾಲಯ ಒಪ್ಪಿದಂತಾಯಿತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಈ ಕಾಯಿದೆಯೂ ಸೇರಿದಂತೆ 29 ಹಳೆಯ ಕಾನೂನುಗಳ ಜಾಗವನ್ನು ಹಿಡಿದವು. ಕೆಲಸ ಬಿಟ್ಟವರಿಗೆ, ಬಿಡಿಸಲ್ಪಟ್ಟವರಿಗೆ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂಬುದು ಅವುಗಳಲ್ಲಿ ಗಮನಾರ್ಹವಾದ ಮಾತು. ಗ್ರಾಚ್ಯುಯಿಟಿಯ ಲೆಕ್ಕ ಹಿಂದಿನಂತೆಯೇ ಉಳಿದಿದೆ: ಸಾಮಾನ್ಯವಾಗಿ ಐದು ವರ್ಷದ ಸೇವೆ ತುಂಬಿದವರಿಗೆ ವರ್ಷಕ್ಕೆ ಹದಿನೈದು ದಿನದ ವೇತನ. ಸಾವಿರದ ಲೆಕ್ಕದಲ್ಲಿ ದುಡಿಯುವವರಿಗೆ ಕೊನೆಯ ಮೂರು ತಿಂಗಳ ಗಳಿಕೆಯ ಸರಾಸರಿಯೇ ಆಧಾರ. ದಿನಕ್ಕೆ 200 ರೂಪಾಯಿಯ ಸರಾಸರಿಯಿದ್ದವಳು ಇಪ್ಪತ್ತು ವರ್ಷ ದುಡಿದಿದ್ದರೆ 60,000 ರೂಪಾಯಿ. ಒಂದು ಮದುವೆಗಲ್ಲದಿದ್ದರೂ ಮನೆಯ ಮಾಡಿಗೆ ಸಾಕು.

ಆದರೆ ಈ ಇಪ್ಪತ್ತು ವರ್ಷವನ್ನು ತೋರಿಸುವುದು ಹೇಗೆ? ತೊಡಕಿರುವುದು ಇಲ್ಲಿಯೇ. ಬ್ರಾಂಚಿನ ಪುಸ್ತಕವೊಂದೇ ಸಾಕ್ಷಿ. ಅನೇಕ ಮನೆಗಳಲ್ಲಿ ಪುಸ್ತಕ ಅತ್ತೆಯ ಹೆಸರಿನಲ್ಲಿರುತ್ತದೆ. ಬೀಡಿ ಕಟ್ಟುವವಳು ಸೊಸೆ. ಶಾಲೆ ಬಿಟ್ಟು ಬಂದ ಮಗಳ ಬೀಡಿಯೂ ಅದೇ ಪುಸ್ತಕಕ್ಕೆ. ಕೂಲಿ ಮನೆಗೇ ಬರುವುದರಿಂದ ಇದರಲ್ಲಿ ಯಾರಿಗೂ ಅನ್ಯಾಯ ಕಾಣುವುದಿಲ್ಲ. ಹಾಗೆ ಕೇಳುವುದು ಸೊಸೆಗೆ ಶೋಭೆಯೂ ಅಲ್ಲವೆಂದು ಕೆಲವು ಮನೆಗಳ ಎಣಿಕೆ. ಅತ್ತೆ ತೀರಿಕೊಂಡ ದಿನ ಆ ಪುಸ್ತಕ ಮುಚ್ಚುತ್ತದೆ. ಅತ್ತೆಯ ಹಣ ವಾರಸುದಾರರಿಗೆ ಬಂದೀತು. ಸೊಸೆಯ ಹದಿನೈದು ವರ್ಷ ಮಾತ್ರ ಯಾವ ಕಾಗದದಲ್ಲಿಯೂ ಇರುವುದಿಲ್ಲ. ಬೆನ್ನುನೋವು, ಕೆಮ್ಮು ಇವಷ್ಟೇ ಅವಳ ಹೆಸರಿನಲ್ಲಿ ಉಳಿದ ದಾಖಲೆ.

ಮದುವೆಯಾಗಿ ಕಾರ್ಕಳದಿಂದ ಉಡುಪಿಗೆ ಬಂದವಳು ತವರಿನ ಬ್ರಾಂಚಿನ ಭವಿಷ್ಯನಿಧಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳದೆ, ಹೊಸ ಊರಿನಲ್ಲಿ ಮೊದಲಿನಿಂದ ಆರಂಭಿಸುವುದೂ ಉಂಟು. ಸೀರೆಗಳ ಜೊತೆಗೆ ಆ ಹಳೆಯ ಪುಸ್ತಕವನ್ನೂ ಪೆಟ್ಟಿಗೆಯಲ್ಲಿ ಇಟ್ಟು ಕಳುಹಿಸುವ ತಾಯಂದಿರು ಇನ್ನೂ ಕಡಿಮೆ.