ಹೊಸ ಆಲ್ಬಮ್ ಮತ್ತು ತಿರುಗಾಟ: ಹಾಡುಗಾರರು ಊರೂರು ಸುತ್ತುವುದೇಕೆ?



ನೈರೋಬಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಸೌಟಿ ಸೋಲ್ ಯಾರೆಂದು ನಾನು ಹೇಳಬೇಕಾಗಿಲ್ಲ. ನಿಮ್ಮ ಅಪ್ಪ ಅಮ್ಮನಿಗೆ ಹೇಳಬೇಕಾದೀತು. ಅಲಯನ್ಸ್ ಹೈಸ್ಕೂಲಿನಲ್ಲಿ ಜೊತೆಗೆ ಹಾಡುತ್ತಿದ್ದ ಮೂವರು, ಆಮೇಲೆ ಅಲಯನ್ಸ್ ಫ್ರಾನ್ಸೇಸ್‌ನಲ್ಲಿ ಸಿಕ್ಕ ಒಬ್ಬ ಗಿಟಾರ್ ವಾದಕ, ಹೀಗೆ ನಾಲ್ವರು ಸೇರಿ ಆದ ತಂಡ. 2008ರಲ್ಲಿ ಅವರ ಮೊದಲ ಆಲ್ಬಮ್ 'ಮ್ವಾನ್ಜೋ' ಬಂತು. ಸ್ವಾಹಿಲಿಯಲ್ಲಿ ಆ ಮಾತಿಗೆ 'ಆರಂಭ' ಎಂದು ಅರ್ಥ. ಇವತ್ತು ಇವರ ಕಥೆಯಿಂದ ಶುರುಮಾಡಿ ನಮ್ಮ ಕನ್ನಡದ ಕಡೆಗೆ ಬರೋಣ. ಪ್ರಶ್ನೆ ಸರಳ: ಹೊಸ ಆಲ್ಬಮ್ ಮಾಡಿದವರು ಪೆಟ್ಟಿಗೆ ಕಟ್ಟಿಕೊಂಡು ಊರೂರು ಯಾಕೆ ಸುತ್ತುತ್ತಾರೆ? ಹಾಗೆ ಸುತ್ತುವ ಕನ್ನಡ ಹಾಡುಗಾರರು ನಮ್ಮ ನೈರೋಬಿಗೆ ಯಾಕೆ ಅಷ್ಟಾಗಿ ಬರುವುದಿಲ್ಲ?

ಒಂದು ಕಾಲದಲ್ಲಿ ತಿರುಗಾಟ ಅಂದರೆ ಜಾಹೀರಾತು. ತಟ್ಟೆ ಮಾರಬೇಕು, ಕ್ಯಾಸೆಟ್ ಮಾರಬೇಕು, ಅದಕ್ಕಾಗಿ ಹಾಡುಗಾರ ಊರಿಗೆ ಬಂದು ಹಾಡುತ್ತಿದ್ದ. ಕಾರ್ಯಕ್ರಮದಲ್ಲಿ ಕೈಯಿಂದ ಹಣ ಹೋದರೂ ಅಂಗಡಿಯಲ್ಲಿ ಅದು ವಾಪಸ್ಸು ಬರುತ್ತಿತ್ತು. ಟಾಮ್ ಎಂಬೋಯಾ ರಸ್ತೆಯ ಮೆಲೋಡಿಕಾ ಅಂಗಡಿಯ ಮುಂದೆ ನೀವು ಹಾದುಹೋಗಿರಬಹುದು. 1971ರಲ್ಲಿ ಶುರುವಾದದ್ದು, ಒಂದು ಗುಜರಾತಿ ಕುಟುಂಬದ್ದು. ಅಂಥ ಅಂಗಡಿಗಳೇ ಆಗ ಹಾಡಿನ ಆದಾಯದ ಬಾಗಿಲು. 1999ರಲ್ಲಿ ನ್ಯಾಪ್‌ಸ್ಟರ್ ಬಂದಾಗಿನಿಂದ ಈ ಲೆಕ್ಕ ತಲೆಕೆಳಗಾಯಿತು. ಹಾಡು ಪುಕ್ಕಟೆಯಾಯಿತು. ಇನ್ನು ಮುಂದೆ ಹಾಡು ನಲ್ಲಿ ನೀರಿನ ಹಾಗೆ ಹರಿಯುತ್ತದೆ, ಕಲಾವಿದರು ತಿರುಗಾಟಕ್ಕೆ ಸಿದ್ಧರಾಗಬೇಕು ಎಂಬ ಅರ್ಥದ ಮಾತನ್ನು ಡೇವಿಡ್ ಬೋವಿ 2002ರಲ್ಲೇ ಹೇಳಿದ್ದರು. ಈಗ ನೀವು ಫೋನಿನಲ್ಲಿ ಒಂದು ಹಾಡನ್ನು ಒಂದು ಸಲ ಕೇಳಿದರೆ ಹಾಡಿದವರ ಕೈಗೆ ಬರುವುದು ಚಿಲ್ಲರೆಗಿಂತ ಕಡಿಮೆ. ನಿಮ್ಮ ಟಿಕೆಟ್ಟಿನ ಹಣ ಮಾತ್ರ ಹಣದ ಹಾಗೆ ಕಾಣುತ್ತದೆ. ಅಂದರೆ, ಮೊದಲು ತಿರುಗಾಟ ಆಲ್ಬಮನ್ನು ಮಾರುತ್ತಿತ್ತು. ಈಗ ಆಲ್ಬಮ್ ತಿರುಗಾಟವನ್ನು ಮಾರುತ್ತದೆ.

ಇದರ ಬಿಸಿ ಸೌಟಿ ಸೋಲ್‌ಗೆ ತಟ್ಟಿದ್ದು 2020ರಲ್ಲಿ. ಯೂನಿವರ್ಸಲ್ ಮ್ಯೂಸಿಕ್‌ನಂಥ ದೊಡ್ಡ ಕಂಪನಿಯ ಜೊತೆ ಸೇರಿ ಮಾಡಿದ 'ಮಿಡ್‌ನೈಟ್ ಟ್ರೇನ್' ಆಲ್ಬಮ್ ಆ ವರ್ಷ ಜೂನ್ 5ಕ್ಕೆ ಹೊರಬಂತು. ಆ ಹೊತ್ತಿಗೆ ಕೆನ್ಯಾದಲ್ಲಿ ರಾತ್ರಿ ಕರ್ಫ್ಯೂ, ಜನ ಸೇರುವಂತಿಲ್ಲ. ರೈಲೇನೋ ತಯಾರು, ಹಳಿಯೇ ಇಲ್ಲ. ಹಾಡುಗಳು ಮನೆಮನೆಯಲ್ಲಿ ಮೊಳಗಿದವು, ವೇದಿಕೆ ಮಾತ್ರ ಬರಿದು. ಕೊನೆಗೆ 2023ರಲ್ಲಿ, ಇನ್ನು ಸ್ವಲ್ಪ ಕಾಲ ಬೇರೆ ಬೇರೆಯಾಗಿ ಹಾಡುತ್ತೇವೆಂದು ಹೇಳಿ, ಹೊರದೇಶಗಳನ್ನು ಸುತ್ತಿ, ನವೆಂಬರಿನಲ್ಲಿ ಉಹುರು ಗಾರ್ಡನ್ಸ್‌ನಲ್ಲಿ 'ಸೋಲ್ ಫೆಸ್ಟ್' ಮಾಡಿ ಮುಗಿಸಿದರು. ಅಲ್ಲಿ ಜನ ಎಂಪೆಸಾದಲ್ಲಿ ದುಡ್ಡು ಕಟ್ಟಿ ಬಂದಿದ್ದರು. ಸ್ವಾಹಿಲಿ ಹಾಡನ್ನು ಕೇಳಲು ದುಡ್ಡು ಕೊಡಬೇಕು ಅಂತ ಯಾರೂ ಗೊಣಗಲಿಲ್ಲ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಈಗ ಕನ್ನಡ. 'ಟೂರ್' ಎಂಬುದಕ್ಕೆ ನಮ್ಮಲ್ಲಿ ಹಳೆಯ ಮಾತಿದೆ, ತಿರುಗಾಟ. ಯಕ್ಷಗಾನ ಮೇಳದವರು ದೀಪಾವಳಿಯ ನಂತರ ಗೆಜ್ಜೆ ಕಟ್ಟಿ ಹೊರಟರೆ ಮಳೆಗಾಲದ ಮುಂಚೆ, ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾರೆ. ಎಷ್ಟೋ ಮೇಳಗಳು ಪ್ರತಿ ತಿರುಗಾಟಕ್ಕೂ ಹೊಸ ಪ್ರಸಂಗ ಕಟ್ಟಿಕೊಂಡು ಹೋಗುತ್ತವೆ. ಹೊಸ ಆಲ್ಬಮ್ ಹಿಡಿದು ಹೊರಟ ಪಾಪ್ ಹಾಡುಗಾರ ಮಾಡುವುದೂ ಇದನ್ನೇ. ಈ ಮೇಳಗಳಲ್ಲಿ ಎರಡು ಬಗೆ. ಒಂದು ಹರಕೆ ಆಟ: ಹರಕೆ ಹೊತ್ತ ಮನೆಯವರು ಪೂರ್ತಿ ಖರ್ಚು ಕೊಡುತ್ತಾರೆ, ಊರಿನವರೆಲ್ಲ ಪುಕ್ಕಟೆ ನೋಡುತ್ತಾರೆ. ಇನ್ನೊಂದು ಡೇರೆ ಆಟ: ಸುತ್ತ ಡೇರೆ, ಬಾಗಿಲಲ್ಲಿ ಟಿಕೆಟ್ಟು. ಹರಕೆ ಆಟಕ್ಕೆ ಪ್ರಸಂಗ ಆರಿಸುವವರು ಹರಕೆಯವರು. ಡೇರೆ ಆಟದಲ್ಲಿ ಮೇಳದವರು ಹೊಸದನ್ನು ಆಡಿ, ಜನ ಬರುತ್ತಾರೋ ಇಲ್ಲವೋ ನೋಡುತ್ತಾರೆ.

ಹೊರದೇಶದ ಕನ್ನಡ ಸಂಘಗಳ ರಾಜ್ಯೋತ್ಸವ ಬಹುಮಟ್ಟಿಗೆ ಹರಕೆ ಆಟ. ನಾಲ್ಕಾರು ದಾನಿಗಳು ಕೊಡುತ್ತಾರೆ, ಬೆಂಗಳೂರಿನಿಂದ ಒಬ್ಬರೇ ಗಾಯಕರು ಬರುತ್ತಾರೆ, ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ತರುತ್ತಾರೆ, ನಾವು ಕೇಳಿದ ಹಳೆಯ ಸಿನಿಮಾ ಹಾಡನ್ನು ಹಾಡುತ್ತಾರೆ, ಬಿಸಿಬೇಳೆಬಾತ್ ತಿಂದು ಮನೆಗೆ ಹೋಗುತ್ತೇವೆ. ಇದನ್ನು ಕೀಳಾಗಿ ಹೇಳುತ್ತಿಲ್ಲ, ಆ ದಾನಿಗಳಿಲ್ಲದಿದ್ದರೆ ಅದೂ ಇರುತ್ತಿರಲಿಲ್ಲ. ಆದರೆ ಅಲ್ಲಿ ಹೊಸ ಆಲ್ಬಮ್ಮಿಗೆ ಜಾಗವಿಲ್ಲ. ಹೊಸ ಹಾಡು ಶುರುವಾದರೆ ಅರ್ಧ ಸಭೆ ಸಮೋಸಾ ಕಡೆಗೆ ಎದ್ದು ಹೋಗುತ್ತದೆ.

ಕನ್ನಡದ ಹಾಡಿನ ಇತಿಹಾಸವೂ ಇದಕ್ಕೆ ಸ್ವಲ್ಪ ಕಾರಣ. ನಮ್ಮ ಜನಪ್ರಿಯ ಹಾಡುಗಳ ಬಹುಪಾಲು ಸಿನಿಮಾದಿಂದ ಬಂದವು. ಸಿನಿಮಾ ಹಾಡಿಗೆ ತಿರುಗಾಟ ಬೇಕಿಲ್ಲ, ಸಿನಿಮಾವೇ ಸುತ್ತುತ್ತದೆ. ಸಿನಿಮಾದ ಹೊರಗೆ ನಿಂತದ್ದು ಸುಗಮ ಸಂಗೀತ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ 'ಕನ್ನಡವೇ ಸತ್ಯ' ಕಾರ್ಯಕ್ರಮ ಮಾಡಿದಾಗ ಲಕ್ಷದ ಲೆಕ್ಕದಲ್ಲಿ ಜನ ಸೇರಿದ್ದರು. ಸಿನಿಮಾ ತಾರೆಯರ ಹೆಸರಿಗಲ್ಲ, ಕವಿತೆ ಕೇಳಲು. ನಿಮ್ಮ ಅಮ್ಮ ಅಲ್ಲಿದ್ದರೋ ಏನೋ, ಒಮ್ಮೆ ಕೇಳಿ ನೋಡಿ.

ಆಲ್ಬಮ್ ಹಿಡಿದು ನಿಜವಾಗಿ ಲೋಕ ಸುತ್ತಿದ ಕನ್ನಡಿಗ ರಘು ದೀಕ್ಷಿತ್. ನಾಸಿಕ್‌ನಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು, ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ. ವರ್ಷಗಟ್ಟಲೆ ಯಾವ ಕಂಪನಿಯೂ ಇವರ ಹಾಡು ಬೇಡವೆಂದಿತು. ಕೊನೆಗೆ ಮುಂಬಯಿಯ ಕ್ಲಬ್ ಒಂದರಲ್ಲಿ ಇವರ ಹಾಡು ಕೇಳಿದ ವಿಶಾಲ್-ಶೇಖರ್ ಜೋಡಿ 2008ರಲ್ಲಿ ಮೊದಲ ಆಲ್ಬಮ್ ತಂದಿತು. ಅದರಲ್ಲಿ ಹಿಂದಿ ಇತ್ತು, ಇಂಗ್ಲಿಷ್ ಇತ್ತು, ಜೊತೆಗೆ 19ನೇ ಶತಮಾನದ ಶಿಶುನಾಳ ಶರೀಫರ ಕನ್ನಡ ಪದಗಳಿದ್ದವು. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿದ ತಂಡ ಬ್ರಿಟನ್ನಿನ ವೇದಿಕೆಗಳನ್ನು ಹತ್ತಿತು. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ, ಎರಡು ವರ್ಷ ಹಳೆಯದಾಗಿದ್ದ ಆ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ಜಾಗತಿಕ ಸಂಗೀತದ ಪಟ್ಟಿಯ ತುದಿಗೇರಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ. ಮೈದಾನದಲ್ಲಿ ಕೆಸರು ತುಳಿಯುತ್ತಾ ಕುಣಿದವರಲ್ಲಿ ಎಷ್ಟು ಜನರಿಗೆ ಶರೀಫರ ಪದ ಅರ್ಥವಾಗಿದ್ದೀತು? ಟಿಕೆಟ್ಟು ತೆಗೆದುಕೊಂಡಿದ್ದರು, ಕುಣಿದರು.

ಹಾಗಾದರೆ ಅಂಥ ತಂಡ ನೈರೋಬಿಗೆ ಬರಬೇಕಾದರೆ? ಸುಮ್ಮನೆ ಒಂದು ಲೆಕ್ಕ ಹಾಕೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಗಾಯಕ, ಐವರು ವಾದ್ಯದವರು, ಒಬ್ಬ ಸೌಂಡ್ ಎಂಜಿನಿಯರ್, ಒಟ್ಟು ಏಳು ಮಂದಿ. ಬೆಂಗಳೂರಿನಿಂದ ಮುಂಬಯಿ ಮೂಲಕ ಹೋಗಿಬರಲು ತಲೆಗೆ ಒಂದು ಲಕ್ಷ ಶಿಲಿಂಗ್ ಎಂದಿಟ್ಟುಕೊಳ್ಳಿ. ಏಳು ಲಕ್ಷ. ವೆಸ್ಟ್‌ಲ್ಯಾಂಡ್ಸ್‌ನ ಒಂದು ಸಭಾಂಗಣದಲ್ಲಿ 350 ಜನ ಕೂತರೆ, ಬರೀ ವಿಮಾನಕ್ಕೇ ಒಬ್ಬೊಬ್ಬರ ಮೇಲೆ 2,000 ಶಿಲಿಂಗ್ ಬಿತ್ತು. ಸಭಾಂಗಣ, ಧ್ವನಿವರ್ಧಕ, ವಸತಿ, ಪರವಾನಗಿ, ಸಂಭಾವನೆ ಎಲ್ಲ ಇನ್ನೂ ಬಾಕಿ. ಅದೇ ತಂಡ ಕಂಪಾಲಾ ಮತ್ತು ದಾರ್ ಎಸ್ ಸಲಾಮ್‌ನಲ್ಲೂ ಹಾಡಿದರೆ? ಅಲ್ಲಿ ಇಲ್ಲಿ ಹಾರಾಟಕ್ಕೆ ಇನ್ನೊಂದು ಎರಡೂವರೆ ಲಕ್ಷ ಸೇರಿದರೂ 1,050 ಜನರ ಮೇಲೆ ಹಂಚಿದಾಗ ತಲೆಗೆ 900ರ ಆಸುಪಾಸು. ತಿರುಗಾಟದ ಗುಟ್ಟು ಇಷ್ಟೇ. ದೂರದ ಒಂದೇ ಊರಿಗೆ ಬರುವುದು ದುಬಾರಿ, ಹತ್ತಿರದ ಮೂರು ಊರು ಕೈಜೋಡಿಸಿದರೆ ಅಗ್ಗ.

ಇದನ್ನು ಹಿರಿಯರಿಗಿಂತ ನೀವು ಸುಲಭವಾಗಿ ಮಾಡಬಲ್ಲಿರಿ. ನಿಮಗೆ ಕಂಪಾಲಾದಲ್ಲಿ ಗೆಳೆಯರಿದ್ದಾರೆ, ಸ್ವಾಹಿಲಿ ಬರುತ್ತದೆ, ಇಲ್ಲಿನ ಸೌಂಡ್‌ನವರ ಪರಿಚಯವಿದೆ. ಸಮಿತಿಯ ಅಂಕಲ್ ಆಂಟಿಯರ ಮುಂದೆ ಈ ಲೆಕ್ಕ ಇಡಿ. ಮೊದಲ ಸಲವೇ ಪೂರ್ತಿ ಡೇರೆ ಆಟ ಬೇಡ. ಅರ್ಧ ದಾನಿಗಳ ಹಣ, ಅರ್ಧ ಟಿಕೆಟ್ಟು ಇರಲಿ. ಕಾರ್ಯಕ್ರಮಕ್ಕೆ ಆರು ವಾರ ಮುಂಚೆ ಆ ಆಲ್ಬಮ್ಮಿನ ಎರಡು ಹಾಡನ್ನು ಎಲ್ಲರ ಫೋನಿಗೂ ತಲುಪಿಸಿ, ಪರಿಚಯವಿಲ್ಲದ ಹಾಡಿಗೇ ಜನ ಎದ್ದು ಹೋಗುವುದು. ಹೊಸ ಹಾಡನ್ನು ಎರಡು ಹಳೆಯ ಹಾಡುಗಳ ನಡುವೆ ಇಡಲು ಹಾಡುಗಾರರಿಗೇ ಗೊತ್ತಿರುತ್ತದೆ, ಅದನ್ನು ಅವರಿಗೆ ಬಿಡಿ. ಕೀನ್ಯನ್ ಡ್ರಮ್ ವಾದಕರೊಬ್ಬರನ್ನು ಜೊತೆಗೆ ಕೂರಿಸಿದರೆ ವಿಮಾನದ ಒಂದು ಟಿಕೆಟ್ಟು ಉಳಿಯಿತು, ನಿಮ್ಮ ಶಾಲೆಯ ಗೆಳೆಯರೂ ಬಂದಾರು.

ಮತ್ತೆ, ಸಮೋಸಾವನ್ನು ಕಾರ್ಯಕ್ರಮ ಮುಗಿದ ಮೇಲೆ ಕೊಡಿಸಿ.