ದಾರಿಯಲ್ಲಿ ನಿಂತ ಮೋಟಾರ್ ಸೈಕಲ್: ವಿದ್ಯುತ್ ದೋಷ ಹುಡುಕುವುದು ಹೇಗೆ?

ಎತ್ತು ಕುಂಟಿದರೆ ಯಾವ ಕಾಲಿನ ನೋವೆಂದು ರೈತ ದೂರದಿಂದಲೇ ಹೇಳಬಲ್ಲ. ಪಂಪ್‌ಸೆಟ್ಟಿನ ಸದ್ದು ಕೇಳಿಯೇ ಒಂದು ಫೇಸ್ ಹೋಗಿದೆಯೆಂದು ಊಹಿಸಬಲ್ಲ. ಆದರೆ ಹಾಲಿನ ಕ್ಯಾನು ಹೊತ್ತ ಮೋಟಾರ್ ಸೈಕಲ್ ನಡುದಾರಿಯಲ್ಲಿ ನಿಂತಿತೆಂದರೆ ಅದೇ ರೈತ ಕಿಕ್ ಹೊಡೆದು ಹೊಡೆದು ಬೆವರಿ, ಕೊನೆಗೆ ತಳ್ಳಿಕೊಂಡೇ ಪೇಟೆ ಸೇರುತ್ತಾನೆ.

ನಮ್ಮ ನೆರೆಯೂರಿನ ಹಿರಿಯರೊಬ್ಬರು ಹೀಗೆಯೇ ನಾಲ್ಕು ಕಿಲೋಮೀಟರ್ ತಳ್ಳಿದರು. ಮೆಕ್ಯಾನಿಕ್ ಏನನ್ನೂ ಬಿಚ್ಚಲಿಲ್ಲ. ಬಲಗೈ ಹಿಡಿಯ ಬಳಿಯ ಕೆಂಪು ಸ್ವಿಚ್ಚನ್ನು ಬೆರಳಿನಿಂದ ಒತ್ತಿದ, ಗಾಡಿ ಹೊರಟಿತು. ಹಿಂದಿನ ಸಂಜೆ ಮೊಮ್ಮಗ ಗಾಡಿಯ ಮೇಲೆ ಕುಳಿತು ಆಡಿದ್ದ. ಅಷ್ಟು ಹೊತ್ತಿಗೆ ಡೇರಿಯಲ್ಲಿ ಹಾಲು ಅಳೆಯುವುದು ಮುಗಿದಿತ್ತು. ಆ ದಿನದ ಹಾಲೆಲ್ಲ ಮನೆಗೇ ಹಿಂದಿರುಗಿತು.

ಆದ್ದರಿಂದ ಸ್ಪಾನರ್ ಹಿಡಿಯುವ ಮೊದಲು ಕೆಂಪು ಸ್ವಿಚ್ಚನ್ನು ನೋಡಿ. ಹೊಸ ಗಾಡಿಗಳಲ್ಲಿ ಅನೇಕವು ಪಕ್ಕದ ಸ್ಟ್ಯಾಂಡ್ ಕೆಳಗಿದ್ದರೆ ಹೊರಡುವುದಿಲ್ಲ, ಅದನ್ನೂ ನೋಡಿ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೆಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಕೀ ತಿರುಗಿಸಿ ಹಾರ್ನ್ ಒತ್ತಿ. ಹಾರ್ನ್ ಗಟ್ಟಿಯಾಗಿ ಕೂಗಿದರೆ ಬ್ಯಾಟರಿಯಲ್ಲಿ ಜೀವವಿದೆ. ಗಂಟಲು ಕಟ್ಟಿದವರಂತೆ ಸದ್ದು ಬಂದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ತುದಿಗಳು ಸಡಿಲಗೊಂಡಿವೆ. ಏನೂ ಸದ್ದಿಲ್ಲ, ಯಾವ ದೀಪವೂ ಇಲ್ಲವೆಂದರೆ ಮೊದಲು ಫ್ಯೂಸಿನ ಕಡೆಗೆ ಗಮನ ಕೊಡಬೇಕು.

ಫ್ಯೂಸಿಗೆ ತಾಮ್ರದ ಎಳೆ ಬೇಡ

ಫ್ಯೂಸು ಸಾಮಾನ್ಯವಾಗಿ ಬ್ಯಾಟರಿಯ ಪಕ್ಕದಲ್ಲೇ, ಸೀಟಿನ ಅಥವಾ ಪಕ್ಕದ ಮುಚ್ಚಳದ ಒಳಗೆ ಇರುತ್ತದೆ. ಹೆಚ್ಚಿನ ಗಾಡಿಗಳಲ್ಲಿ 10 ಅಥವಾ 15 ಆಂಪಿಯರ್‌ನದು. ಅದರ ಮೇಲೆ ಬರೆದಿರುವ ಅಂಕಿಯ ಫ್ಯೂಸನ್ನೇ ಹಾಕಬೇಕು. ಈ ವಿಷಯದಲ್ಲಿ ನನ್ನ ತಪ್ಪನ್ನು ಮುಚ್ಚಿಡುವುದಿಲ್ಲ. ಸಂತೆಯಿಂದ ಬರುವಾಗ ಫ್ಯೂಸು ಸುಟ್ಟಿತೆಂದು ಪಂಪ್‌ಸೆಟ್ಟಿಗೆ ಕಟ್ಟುವ ಹಾಗೆ ತಾಮ್ರದ ಎಳೆ ಸುತ್ತಿದೆ. ಗಾಡಿ ಓಡಿತು, ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ. ಮೂರನೆಯ ದಿನ ಟ್ಯಾಂಕಿನ ಕೆಳಗಿನಿಂದ ಹೊಗೆ ಬಂತು. ಮೂಲ ದೋಷ ಒಂದು ಗೇಣು ವೈರಿನದು; ಸುಟ್ಟದ್ದು ಇಡೀ ವೈರಿನ ಕಂತೆ. ಟ್ಯಾಂಕಿಗೆ ಬೆಂಕಿ ತಗುಲದೆ ಉಳಿದದ್ದೇ ಪುಣ್ಯ. ಹೊಸ ಫ್ಯೂಸು ಹಾಕಿದ ಕೂಡಲೇ ಮತ್ತೆ ಸುಟ್ಟರೆ, ಹೆಚ್ಚಾಗಿ ಎಲ್ಲೋ ವೈರಿನ ಸಿಪ್ಪೆ ಸುಲಿದು ಚಾಸಿಗೆ ತಗುಲುತ್ತಿರುತ್ತದೆ.

ವಿದ್ಯುತ್ ಎಲ್ಲಿ ಕಡಿದಿದೆಯೆಂದು ಹುಡುಕಲು ದುಬಾರಿ ಸಲಕರಣೆ ಬೇಕಿಲ್ಲ. ಹಳೆಯ ಇಂಡಿಕೇಟರಿನ 12 ವೋಲ್ಟ್ ಬಲ್ಬು, ಹೋಲ್ಡರು, ಎರಡು ಮಾರು ವೈರು ಸಾಕು. ಒಂದು ತುದಿಯನ್ನು ಬಣ್ಣವಿಲ್ಲದ ಚಾಸಿಯ ಲೋಹಕ್ಕೆ ಕಚ್ಚಿಸಿ, ಇನ್ನೊಂದನ್ನು ಬ್ಯಾಟರಿಯ ಪ್ಲಸ್‌ಗೆ ಮುಟ್ಟಿಸಿ, ಬಲ್ಬು ಉರಿಯಬೇಕು. ಬಳಿಕ ಫ್ಯೂಸಿನ ಈಚೆ, ಆಚೆ, ಕೀ ಸ್ವಿಚ್ಚಿನ ವೈರು, ಹೀಗೆ ಮುಂದೆ ಮುಂದೆ ಮುಟ್ಟಿಸುತ್ತಾ ಹೋಗಿ. ಕಾಲುವೆಯ ನೀರು ಎಲ್ಲಿ ಒಡೆದು ಹೋಯಿತೆಂದು ಬದುವಿನ ಮೇಲೆ ನಡೆದು ನೋಡುವ ಹಾಗೆಯೇ ಇದು. ಎಲ್ಲಿಯವರೆಗೆ ಉರಿಯಿತು, ಎಲ್ಲಿ ಆರಿತು, ಆ ಎರಡರ ನಡುವೆ ದೋಷವಿದೆ. ಆದರೆ ಪೆಟ್ರೋಲ್ ಇಂಜೆಕ್ಷನ್ ಇರುವ ಗಾಡಿಯ ಕಂಪ್ಯೂಟರ್ ಡಬ್ಬಿಯ ವೈರುಗಳಿಗೆ ಈ ಬಲ್ಬು ಮುಟ್ಟಿಸಬಾರದು; ಆ ಡಬ್ಬಿ ಕೆಟ್ಟರೆ ಖರ್ಚು ದೊಡ್ಡದು.

ಪಂಪ್‌ಸೆಟ್ಟಿನಲ್ಲಿ ಅರ್ಥ್ ವೈರು ಇರುವುದು ಜೀವ ರಕ್ಷಣೆಗೆ. ಮೋಟಾರ್ ಸೈಕಲ್ಲಿನಲ್ಲಿ ಚಾಸಿಯೇ ವಿದ್ಯುತ್ ಹಿಂದಿರುಗುವ ದಾರಿ. ಆದ್ದರಿಂದ ಮೈನಸ್ ವೈರು ಚಾಸಿಗೆ ಸೇರುವ ಬೋಲ್ಟಿನ ಕೆಳಗೆ ತುಕ್ಕು ಹಿಡಿದರೆ ಬ್ಯಾಟರಿ ಹೊಸದಾದರೂ ದೀಪ ಮಂಕು, ಸ್ಟಾರ್ಟರ್ ಬರೀ ಟಿಕ್ ಟಿಕ್. ಬೋಲ್ಟು ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿ ಬಿಗಿದರೆ ಹಲವು ರೋಗಗಳು ಒಮ್ಮೆಗೇ ವಾಸಿಯಾಗುತ್ತವೆ. ಗೊಬ್ಬರದ ಚೀಲ ಹೊರುವ ಗಾಡಿಗಳಲ್ಲಿ ಇದು ಹೆಚ್ಚು. ಸೋರಿದ ಪೊಟ್ಯಾಷ್ ಉಪ್ಪೇ ತಾನೆ, ತೇವ ಹೀರಿ ಲೋಹವನ್ನು ತಿನ್ನುತ್ತದೆ.

ಬ್ಯಾಟರಿಯೇ, ಚಾರ್ಜಿಂಗೇ?

ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಹೊಸದನ್ನು ಕೊಳ್ಳಲು ಅವಸರ ಬೇಡ. ಪೇಟೆಯಲ್ಲಿ ಸಿಗುವ ಸಾಧಾರಣ ಮೀಟರ್ ಒಂದನ್ನು ಊರಿನ ನಾಲ್ಕು ಜನ ಸೇರಿ ಕೊಂಡರೂ ಲಾಭವೇ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಎಂಜಿನ್ ಓಡಿಸಿ ಸ್ವಲ್ಪ ವೇಗ ಕೊಟ್ಟಾಗ 13.5ರಿಂದ 14.5ರವರೆಗೆ ಏರಬೇಕು. ಏರದೇ ಇದ್ದಲ್ಲಿ ಚಾರ್ಜ್ ಆಗುತ್ತಿಲ್ಲ; 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ, ಬಲ್ಬುಗಳೂ ಸುಡುತ್ತವೆ. ಎರಡರಲ್ಲಿ ಯಾವುದಾದರೂ ಹೊಸ ಬ್ಯಾಟರಿಯೂ ಬಹಳ ದಿನ ಬಾಳದು. ಮಾಪನ ಸರಿಯಿದ್ದೂ ಬ್ಯಾಟರಿ ಇಳಿದರೆ, ಸಂಜೆ ಬೇರೆಯವರನ್ನು ಹಿಂದೆ ನಿಲ್ಲಿಸಿ ಬ್ರೇಕ್ ದೀಪ ನೋಡಲು ಹೇಳಿ. ಪೆಡಲ್ ಬಿಟ್ಟ ಮೇಲೂ ಅದು ಉರಿಯುತ್ತಿದ್ದರೆ ಕಳ್ಳ ಸಿಕ್ಕಿದ.

ನೀರು ಹಾಕುವ ಬ್ಯಾಟರಿಗೆ ಭಟ್ಟಿ ಇಳಿಸಿದ ನೀರನ್ನೇ, ಮೇಲಿನ ಗೆರೆಯವರೆಗೆ ಮಾತ್ರ ಹಾಕಿ. ಬಾವಿ ಅಥವಾ ಬೋರ್‌ವೆಲ್ ನೀರಿನ ಲವಣ ಅದಕ್ಕೆ ವಿಷ. ಮುಚ್ಚಿದ ಬ್ಯಾಟರಿಯನ್ನು ತೆರೆಯಲೇಬಾರದು. ಬಿಚ್ಚುವಾಗ ಮೊದಲು ಮೈನಸ್, ಕೂಡಿಸುವಾಗ ಮೊದಲು ಪ್ಲಸ್. ತಿರುಗುಮುರುಗಾದರೆ ಪ್ಲಸ್ ಬಿಚ್ಚುತ್ತಿರುವ ಸ್ಪಾನರ್ ಚಾಸಿಗೆ ತಗುಲಿ ಕಿಡಿ ಹಾರುತ್ತದೆ.

ಕಿಡಿಯ ಪರೀಕ್ಷೆ

ದೀಪ, ಹಾರ್ನ್ ಸರಿ, ಎಂಜಿನ್ ಮಾತ್ರ ಹೊರಡದು ಎಂದಾಗ ಪ್ಲಗ್ಗು ಬಿಚ್ಚಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇರಲಾರದು. ಪ್ಲಗ್ಗನ್ನು ಟೋಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ಒತ್ತಿ ಹಿಡಿದು ಕಿಕ್ ಹೊಡೆಯಿರಿ. ಪ್ಲಗ್ಗು ಬಿಚ್ಚಿದ ತೂತಿನಿಂದ ದೂರದಲ್ಲಿರಲಿ, ಅಲ್ಲಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ. ನೀಲಿ ಕಿಡಿ ಚಟಪಟ ಎಂದರೆ ಸರಿ. ಕೆಂಪಾಗಿ ಬಲಹೀನವಾಗಿದ್ದರೆ ಹೊಸ ಪ್ಲಗ್ಗು ಹಾಕಿ ನೋಡಿ. ಏನೂ ಇಲ್ಲದಿದ್ದರೆ ಟೋಪಿ, ಕಾಯಿಲ್, ಸ್ವಿಚ್ಚಿನ ವೈರು ಹೀಗೆ ಹಿಂದಕ್ಕೆ ಹೋಗಬೇಕು.

ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನು ಇಂದಿಗೂ ಪ್ರೀತಿಯಿಂದ ಸಾಕಿದವರು ಉಂಟು. ಪಾಯಿಂಟ್ ಇರುವ ಹಳೆಯ ಗಾಡಿಗಳಲ್ಲಿ ಅದರ ಮುಖ ಉಜ್ಜಿ, ಸುಮಾರು 0.4 ಮಿಲಿಮೀಟರ್ ಅಂತರ ಇಟ್ಟರೆ ಕಿಡಿ ಮರಳುವುದುಂಟು. ಅನಂತರ ಬಂದ 100 ಸಿ.ಸಿ. ಕಿಕ್ ಗಾಡಿಗಳಲ್ಲಿ ಅನೇಕಕ್ಕೆ ಕಿಡಿಯ ವಿದ್ಯುತ್ ಮ್ಯಾಗ್ನೆಟ್ಟಿನಿಂದಲೇ ಬರುತ್ತಿತ್ತು. ಬ್ಯಾಟರಿ ಸತ್ತರೂ ಅವು ಹೊರಡುತ್ತಿದ್ದವು. 2020ರ ಏಪ್ರಿಲ್‌ನಲ್ಲಿ ಹೊಸ ಹೊಗೆ ನಿಯಮ ಬಂದ ಮೇಲೆ ಇಂಜೆಕ್ಷನ್ ಸಾಮಾನ್ಯವಾಗಿದೆ. ಇವುಗಳಲ್ಲಿ ಪೆಟ್ರೋಲ್ ಪಂಪಿಗೂ ಬ್ಯಾಟರಿ ಬೇಕು. ಟ್ಯಾಂಕಿನೊಳಗೆ ಪಂಪು ಇರುವ ಗಾಡಿಯಲ್ಲಿ ಕೀ ತಿರುಗಿಸಿದಾಗ ಒಂದೆರಡು ಕ್ಷಣ ಗುಂಯ್ ಎಂಬ ಸದ್ದು ಕೇಳಬೇಕು. ಅದಿಲ್ಲದಿದ್ದರೆ ಕಿಕ್ ಹೊಡೆದು ಕಾಲು ನೋಯಿಸಿಕೊಳ್ಳಬೇಡಿ. ಫ್ಯೂಸು, ಬ್ಯಾಟರಿ ನೋಡಿ.

ಬಂದು ಹೋಗುವ ದೋಷವೇ ಎಲ್ಲಕ್ಕಿಂತ ಕಾಟದ್ದು. ಕೀ ಹಾಕಿ ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ. ದೀಪ ಮಿಣುಕಿದರೆ ಕತ್ತಿನ ಬಳಿ ವೈರು ಒಳಗೇ ತುಂಡಾಗಿದೆ. ಹೊರಗಿನ ಸಿಪ್ಪೆ ನೋಡಿದರೆ ಗೊತ್ತಾಗದು. ಕಣಜದ ಪಕ್ಕ ನಿಲ್ಲಿಸುವ ಗಾಡಿಯಾದರೆ ಸೀಟಿನ ಕೆಳಗೆ ಇಲಿಯ ಹಿಕ್ಕೆ ಇದೆಯೇ ನೋಡಿ. ಕಡಿದ ವೈರನ್ನು ಬರೀ ಹೊಸೆದು ಟೇಪು ಸುತ್ತಿದರೆ ಒಂದು ಮಳೆಗೂ ಬಾರದು, ಬೆಸುಗೆ ಹಾಕಿಸಿ.

ಕ್ಯಾನಿನ ಕೊಕ್ಕೆಗೋ ಕ್ಯಾರಿಯರಿಗೋ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಎರಡು ತುದಿಗಳನ್ನೂ ಕಳಚಿರಿ. ಇಂಜೆಕ್ಷನ್ ಗಾಡಿಯಾದರೆ ಕಂಪ್ಯೂಟರ್ ಡಬ್ಬಿಯ ಕೊಂಡಿಯನ್ನೂ ಬಿಡಿಸಬೇಕು. ವೆಲ್ಡಿಂಗ್‌ನವರು ಪರವಾಗಿಲ್ಲ ಎಂದರೂ ನೀವು ಕಳಚಿಯೇ ಗಾಡಿ ಕೊಡಿ.