ನೂರೆಂಟು ಕಲ್ಲು, ಒಂದು ಕೋತಿ

ಒಬ್ಬರು ಹಕ್ಕಿಮರಿ ಎಣಿಸುತ್ತಿದ್ದರಂತೆ. ಇನ್ನೊಬ್ಬರು ಗೋಡೆಯ ಕಲ್ಲಿನ ಸಾಲು. ಮತ್ತೊಬ್ಬರು, ಜೀವಮಾನದಲ್ಲಿ ಒಂದು ಸಲವಾದರೂ ಮನಸ್ಸಿಟ್ಟು ಪ್ರಾರ್ಥಿಸಲೇಬೇಕೆಂದು ಹಟ ಹಿಡಿದು ನಿಂತರೆ, ರಾಜನ ಮುಂದೆ ಯಾವ ಅಧಿಕಾರಿ ಮೊದಲು ಹೋಗಬೇಕು ಎಂಬ ಯೋಚನೆ ತಲೆಗೆ ಹೊಕ್ಕಿತಂತೆ! ಇವರು ಪಾಠ ತಪ್ಪಿಸುವ ಹುಡುಗರಲ್ಲ. ಯಹೂದಿ ಧರ್ಮದ ಮಹಾಗುರುಗಳು: ಶ್ಮುವೇಲ್, ಬೂನ್ ಬರ್ ಹಿಯ್ಯ, ಹಿಯ್ಯ. ಸುಮಾರು 1,600 ವರ್ಷಗಳ ಹಿಂದೆ ರೂಪುಗೊಂಡ ಜೆರುಸಲೇಮ್ ತಾಲ್ಮುಡ್‌ನಲ್ಲಿ, ಒಬ್ಬರಾದ ಮೇಲೆ ಒಬ್ಬರು, ಪ್ರಾರ್ಥನೆಯಲ್ಲಿ ತಮ್ಮ ಮನಸ್ಸು ಎಲ್ಲೆಲ್ಲಿಗೆ ಓಡಿತ್ತು ಎಂದು ಬಾಯಿಬಿಟ್ಟು ಹೇಳಿಕೊಂಡಿದ್ದಾರೆ. ಕೊನೆಗೆ ಮತನ್ಯ ಎಂಬ ಗುರು ಹೇಳುವುದನ್ನು ಕೇಳಿ: ತನ್ನ ತಲೆಗೇ ಆತ ಕೃತಜ್ಞನಂತೆ. ನಮಿಸುವ ಸಾಲು ಬಂದಾಗ ಅದು ತಾನಾಗಿಯೇ ಬಾಗುತ್ತದಲ್ಲ, ಅದಕ್ಕೆ!

ಇದನ್ನು ನಾನು ಓದಿದ್ದು ರಾತ್ರಿ ಎರಡು ಗಂಟೆಗೆ, ಬಸವೇಶ್ವರನಗರದ ನಮ್ಮ ಅಡುಗೆಮನೆಯಲ್ಲಿ ನಿಂತುಕೊಂಡೇ. ಮೈ ಜುಮ್ಮೆಂದಿತು. ಹೆಂಡತಿಯನ್ನು ಎಬ್ಬಿಸಿಬಿಡೋಣ ಅನ್ನಿಸಿತು.

ಯಹೂದಿಗಳ ಪುಸ್ತಕದವರೆಗೆ ನನ್ನನ್ನು ಕರೆತಂದದ್ದು ಕೆಂಗೇರಿ ಬಸ್ಸು. ಮೈಸೂರು ರಸ್ತೆಯಲ್ಲಿ ಒಂದು ಪುಟ್ಟ ಯಹೂದಿ ರುದ್ರಭೂಮಿ ಇದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಜಾಗ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನನಗೆ ಅದು ಗೊತ್ತೇ ಇರಲಿಲ್ಲ! ಆ ರಸ್ತೆಯಲ್ಲಿ ಎಷ್ಟು ಸಾವಿರ ಸಲ ಓಡಾಡಿದ್ದೇನೋ. ಇಲ್ಲಿ ಮಲಗಿದವರು ಯಾರು, ಏನೆಂದು ಪ್ರಾರ್ಥಿಸುತ್ತಿದ್ದರು ಎಂದು ಹುಡುಕಲು ಕೂತವನಿಗೆ ಮೂರು ರಾತ್ರಿ ನಿದ್ದೆಯಿಲ್ಲ.

ಹೀಗೆ ಒಂದರ ಬಾಲ ಹಿಡಿದು ಇನ್ನೊಂದಕ್ಕೆ ಹಾರುವುದಕ್ಕೆ ನನ್ನಲ್ಲಿ ಒಂದು ಹೆಸರಿದೆ. 42ನೇ ವಯಸ್ಸಿನಲ್ಲಿ ವೈದ್ಯರು ಹೇಳಿದರು: ಎಡಿಎಚ್‌ಡಿ. ಗಮನವೇ ಇಲ್ಲ ಎಂದು ಇದರ ಅರ್ಥವಲ್ಲ; ಗಮನ ಬೇಕಾದಷ್ಟಿದೆ, ಅದರ ಲಗಾಮು ಕೈಗೆ ಸಿಗುವುದಿಲ್ಲ. ಮಿದುಳಿನ ಡೋಪಮೈನ್, ನಾರ್‌ಅಡ್ರಿನಲಿನ್ ವ್ಯವಸ್ಥೆಗೆ ಸಂಬಂಧಿಸಿದ್ದು, ಬಹುಪಾಲು ವಂಶದಿಂದ ಬರುವಂಥದ್ದು. ದೊಡ್ಡವರಲ್ಲಿ ನೂರಕ್ಕೆ ಸುಮಾರು ಎರಡೂವರೆ ಮಂದಿಗೆ ಇದೆ ಎಂಬುದು 2009ರ ಒಂದು ಅಂದಾಜು. ದೊಡ್ಡವರಲ್ಲಿ ಪತ್ತೆಹಚ್ಚಲು ಆರರ ಬದಲು ಐದು ಲಕ್ಷಣ ಸಾಕು ಎಂದು ಅಮೆರಿಕದ ಮನೋವೈದ್ಯರ ಕೈಪಿಡಿ ಬದಲಾದದ್ದೇ 2013ರಲ್ಲಿ. ಅಲ್ಲಿಯವರೆಗೆ ಎಷ್ಟು ಜನ ತಮ್ಮನ್ನು ತಾವೇ ಸೋಮಾರಿ, ಬೇಜವಾಬ್ದಾರಿ, ಭಕ್ತಿಯಿಲ್ಲದವ ಎಂದು ಬೈದುಕೊಂಡು ಬದುಕಿದರೋ!

ಭಕ್ತಿಯಿಲ್ಲದವ. ಆ ಮಾತು ಬಹಳ ನೋಯಿಸುತ್ತದೆ. ಶಾಸ್ತ್ರನಿಷ್ಠ ಯಹೂದಿಯ ದಿನವನ್ನು ಊಹಿಸಿಕೊಳ್ಳಿ. ದಿನಕ್ಕೆ ಮೂರು ಹೊತ್ತು ಅಮಿದಾ ಪ್ರಾರ್ಥನೆ: ಎರಡು ಪಾದ ಜೋಡಿಸಿ, ಅಲುಗದೆ, ನಡುವೆ ಯಾರ ಜತೆಯೂ ಮಾತಾಡದೆ, 19 ಸ್ತುತಿಗಳನ್ನು ಪಿಸುಗುಟ್ಟಬೇಕು. ಬೆಳಗಿನ ಶೆಮಾ ಪಠಣಕ್ಕೆ ಗಡುವಿದೆ. ಹೊತ್ತು ಮೀರಿದರೆ ಮೀರಿದಂತೆಯೇ. ಹೇಳುವ ಮಾತಿನಲ್ಲಿ ಮನಸ್ಸನ್ನು ನೆಡುವುದಕ್ಕೆ ಅವರು ಕವನಾ ಎನ್ನುತ್ತಾರೆ. ಸಮಯದ ಅಂದಾಜೇ ಸಿಗದ, ನಿಂತಲ್ಲಿ ನಿಲ್ಲಲಾಗದ ಒಬ್ಬ ಎಡಿಎಚ್‌ಡಿಯವನಿಗೆ ಇದು ದಿನಕ್ಕೆ ಮೂರು ಸಲ ಬರೆಯುವ ಪರೀಕ್ಷೆ.

ಆದರೆ ನೋಡಿ, ಶಾಸ್ತ್ರಕ್ಕೂ ಇದು ಗೊತ್ತಿತ್ತು! ಮೊದಲ ಸ್ತುತಿಯನ್ನು ಕವನಾ ಇಲ್ಲದೆ ಹೇಳಿದರೆ ಮತ್ತೆ ಮೊದಲಿನಿಂದ ಹೇಳಬೇಕೆಂದು ಹಳೆಯ ವಿಧಿ. 16ನೇ ಶತಮಾನದಲ್ಲಿ ಪೋಲೆಂಡಿನ ಕ್ರಾಕೊವ್‌ನ ಮೋಶೆ ಇಸ್ಸರ್ಲೆಸ್ ಅದಕ್ಕೊಂದು ಟಿಪ್ಪಣಿ ಸೇರಿಸಿದರು: ಈಗಿನ ಕಾಲದಲ್ಲಿ ಹಾಗೆ ಮರಳಿ ಹೇಳುವುದಿಲ್ಲ, ಎರಡನೇ ಸಲವೂ ಮನಸ್ಸು ನಿಲ್ಲುವುದು ಅನುಮಾನ, ಮತ್ತೇಕೆ ಹೇಳಿಸುವುದು? ಆ ಕರುಣೆಗೆ ನನ್ನ ಕಣ್ಣು ಒದ್ದೆಯಾಯಿತು.

ಅಲ್ಲಿಂದ ಮುಂದೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಬಟ್ಟೆಯ ಅಂಚಿಗೆ ಕಟ್ಟುವ ಎಳೆಗಳು ಏಕೆ? ಕಂಡಾಗಲೆಲ್ಲ ಆಜ್ಞೆಗಳು ನೆನಪಾಗಲಿ, ಕಣ್ಣು ಹೋದ ಕಡೆ ಮನಸ್ಸು ಹೋಗದಿರಲಿ ಎಂದು, ತೋರಾದಲ್ಲೇ ಹಾಗಿದೆ. ತೋಳಿಗೂ ಹಣೆಗೂ ಪಟ್ಟಿಯಿಂದ ಬಿಗಿಯುವ ತೆಫಿಲಿನ್? ನೆನಪು ಚರ್ಮಕ್ಕೇ ತಾಗಿರುತ್ತದೆ. ಇಬ್ಬಿಬ್ಬರು ಎದುರುಬದುರು ಕೂತು ಗಟ್ಟಿಯಾಗಿ ವಾದಿಸುತ್ತ ಓದುವ ಹವ್ರುತಾ ಪದ್ಧತಿ? ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಕೆಲಸ ಮಾಡಿ ಎಂದು ಇಂದು ನಮ್ಮಂಥವರಿಗೆ ಕೊಡುವ ಸಲಹೆಗೆ ಎಷ್ಟು ಹತ್ತಿರ!

ಆಗ ನನಗೆ ಅಜ್ಜಿ ನೆನಪಾದಳು.

ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿ, ಮಣೆಯ ಮೇಲೆ ಕೂತು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ನೋಡುತ್ತಿದ್ದಳು. ಲಿಂಗದ ಕಪ್ಪು ಮೈಮೇಲೆ ದೀಪದ ಬೆಳಕು ಒಂದು ಚುಕ್ಕಿಯಾಗಿ ಹೊಳೆಯುತ್ತದೆ. ಕಣ್ಣು ಆ ಚುಕ್ಕಿಯಲ್ಲಿ ನೆಡಬೇಕು. ಮನಸ್ಸನ್ನು ಹಿಡಿ ಎಂದರೆ ಎಲ್ಲಿಂದ ಹಿಡಿಯುವುದು? ಅಂಗೈ ಹಿಡಿಯಬಹುದು, ಕಣ್ಣು ನಿಲ್ಲಿಸಬಹುದು. ಪೂಜೆ ಮುಗಿದರೆ ಲಿಂಗ ಕರಡಿಗೆಗೆ, ಕರಡಿಗೆ ಶಿವದಾರದಲ್ಲಿ ಎದೆಗೆ. ಇಟ್ಟ ವಸ್ತು ಕಣ್ಮರೆಯಾದೊಡನೆ ಮನಸ್ಸಿನಿಂದಲೂ ಅಳಿಸಿಹೋಗುವ ನನ್ನಂಥವನಿಗೆ, ಮೈಬಿಟ್ಟು ಎಂದೂ ಅಗಲದ ದೇವರು! ಬಾಲ್ಯದಲ್ಲಿ ಇಷ್ಟು ಹತ್ತಿರ ಕೂತಿದ್ದೆ, ಇದು ಕಾಣಲಿಲ್ಲ. "ತಲೆ ಎಲ್ಲಿಟ್ಟಿದೀಯೋ ಮಗಾ" ಎಂದು ಬೆನ್ನು ಸವರುತ್ತಿದ್ದಳು, ಅಷ್ಟೇ.

ನಮ್ಮ ಬಡಾವಣೆಗೆ ಹೆಸರು ಕೊಟ್ಟ ಬಸವಣ್ಣನವರೂ ಆ ಯಹೂದಿ ಗುರುಗಳ ಸಾಲಿನವರೇ ಅಲ್ಲವೇ! 12ನೇ ಶತಮಾನದ ಕಲ್ಯಾಣದಲ್ಲಿ ಕೂತು, ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ಅವರು ಹೋಲಿಸಿದ್ದು ಊರವರ ಮನಸ್ಸನ್ನಲ್ಲ, ತಮ್ಮದನ್ನು. 2010ರಲ್ಲಿ ಹಾರ್ವರ್ಡ್‌ನ ಇಬ್ಬರು ಸಂಶೋಧಕರು 2,250 ಜನರನ್ನು ಫೋನಿನಲ್ಲಿ ಆಗಾಗ ವಿಚಾರಿಸಿ ನೋಡಿದರೆ, ಎಚ್ಚರದ ಹೊತ್ತಿನಲ್ಲಿ ಶೇ. 47ರಷ್ಟು ಕಾಲ ಮನಸ್ಸು ಕೈಯಲ್ಲಿರುವ ಕೆಲಸ ಬಿಟ್ಟು ಬೇರೆಲ್ಲೋ ಇರುತ್ತದಂತೆ. ಕೋತಿ ಎಲ್ಲರಲ್ಲೂ ಇದೆ. ನನ್ನದು ಇಳಿಯುವುದೇ ಇಲ್ಲ, ಅದೇ ವ್ಯತ್ಯಾಸ. ಬೆಳಗಿನ ಮಾತ್ರೆ ನನಗೆ ನಿಜವಾದ ಸಹಾಯ ಮಾಡಿದೆ. ಪೂಜೆಗಾಗಿ ಅದನ್ನು ಬಿಡಿ ಎಂದು ಯಾರಿಗೂ ಹೇಳಲಾರೆ. ಮಾತ್ರೆ ನುಂಗಿದ ಮೇಲೂ ಕಾಲಿಗೆ ಒಂದು ದಾರಿ ಬೇಕು.

ಆ ದಾರಿ ರಾಜಾಜಿನಗರದಲ್ಲೇ ಇತ್ತು. 1997ರಲ್ಲಿ ರಾಷ್ಟ್ರಪತಿ ಶಂಕರ ದಯಾಳ ಶರ್ಮರು ಉದ್ಘಾಟಿಸಿದ ಇಸ್ಕಾನ್ ದೇವಸ್ಥಾನದಲ್ಲಿ, ಮುಖ್ಯ ಗುಡಿಗೆ ಹೋಗುವ ಮೊದಲು ಹರಿನಾಮ ಮಂಟಪ: ಸಾಲಾಗಿ 108 ಕಲ್ಲು. ಒಂದೊಂದರ ಮೇಲೂ ನಿಂತು ಹರೇ ಕೃಷ್ಣ ಮಹಾಮಂತ್ರವನ್ನು ಒಮ್ಮೆ ಪೂರ್ತಿ ಹೇಳಿ ಮುಂದಿನದಕ್ಕೆ ಹೆಜ್ಜೆ. ಮಂತ್ರದಲ್ಲಿ 16 ನಾಮ. ದಾರಿ ಮುಗಿಯುವಷ್ಟರಲ್ಲಿ 1,728. ಅಲ್ಲಿನ ದೀಕ್ಷಿತ ಭಕ್ತರು ದಿನಕ್ಕೆ 16 ಸುತ್ತು ಜಪಮಾಲೆ ತಿರುಗಿಸುತ್ತಾರೆ, ಸುತ್ತಿಗೆ 108 ಮಣಿ: ಅದೂ 1,728 ಮಂತ್ರ! ಇಷ್ಟು ವರ್ಷ ಜನರ ಜತೆ ಸರಸರ ದಾಟಿ ಹೋಗಿದ್ದವನು ಕಳೆದ ವಾರ ಒಬ್ಬನೇ ಹೋದೆ. ಲಿಂಗದವರ ಮನೆಯ ಹುಡುಗನಿಗೆ ಹರಿನಾಮವೇ ಎಂದು ಅಜ್ಜಿ ಕೇಳುತ್ತಿದ್ದಳೋ ಏನೋ. ನಡೆ ಎನ್ನುತ್ತಿದ್ದಳು ಎಂದೇ ನನ್ನ ನಂಬಿಕೆ.

ಮೊದಲ ಇಪ್ಪತ್ತು ಕಲ್ಲು ಚೆನ್ನಾಗಿಯೇ ಸಾಗಿತು. ಆಮೇಲೆ ಎಲ್ಲೋ ಮಗುವೊಂದು ಅತ್ತಿತು, ತುಪ್ಪದ ವಾಸನೆ ಬಂತು, ಕರೆಂಟ್ ಬಿಲ್ಲು ಕಟ್ಟಿಲ್ಲ ಎಂಬುದು ನೆನಪಾಯಿತು, ಅಲ್ಲಿಂದ ಮೈಸೂರು ರಸ್ತೆ, ರುದ್ರಭೂಮಿ, ಹಕ್ಕಿಮರಿ. ಎಚ್ಚೆತ್ತು ನೋಡಿದರೆ ಎಷ್ಟನೇ ಕಲ್ಲೋ ತಿಳಿಯದು. ಎದೆ ಹಳೆಯ ಹಾಗೆ ಹಿಂಡಿತು, ಮತ್ತೆ ಮೊದಲಿನಿಂದ ಹೋಗಬೇಕೇನೋ ಎಂದು. ಆದರೆ ಲೆಕ್ಕ ಇಡುವ ಕೆಲಸ ನನ್ನದಾಗಿರಲೇ ಇಲ್ಲ. ದಾಟಿದ ಕಲ್ಲುಗಳು ಹಿಂದಿದ್ದವು, ದಾಟಬೇಕಾದವು ಮುಂದಿದ್ದವು. ತುಟಿ ಎಲ್ಲಿಯೂ ನಿಂತಿರಲಿಲ್ಲ. ಬಲಗಾಲು, ನನ್ನನ್ನು ಕೇಳದೆಯೇ, ಆಗಲೇ ಮುಂದಿನ ಕಲ್ಲಿನ ಮೇಲಿತ್ತು.